ಸದ್ದು ಮಾಡದ ಸ್ಕೇಟ್‌ಬೋರ್ಡ್ ರ‍್ಯಾಂಪ್: ಎರಡು ಮಳೆಗಾಲ ಕಂಡ ಮೇಲೆ

ಉತ್ತರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ಸಂಪಿಗೂ ಕಾಂಪೌಂಡಿಗೂ ನಡುವಿನ ಜಾಗದಲ್ಲಿ, ಮೂರು ಅಡಿ ಎತ್ತರದ, ಎಂಟು ಅಡಿ ಅಗಲದ ಒಂದು ಸ್ಕೇಟ್‌ಬೋರ್ಡ್ ರ‍್ಯಾಂಪ್ ಇದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿರುವ ಒಂದು ಸಣ್ಣ ಮರಗೆಲಸದ ಕಾರ್ಖಾನೆಯವರು ಅದನ್ನು ಮಾಡಿಕೊಟ್ಟು ಈಗ ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ. ಬಂದ ದಿನವೇ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಮೊದಲ ಅಕ್ಟೋಬರ್ ಮಳೆಯ ಮಾರನೆಯ ದಿನ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಮೆಚ್ಚುಗೆಯೂ ದೂರೂ ಎರಡೂ ಇರುವುದರಿಂದ ಕಾರ್ಖಾನೆಯ ಹೆಸರನ್ನು ಬಿಟ್ಟಿದ್ದೇನೆ. ಇಂಥ ರ‍್ಯಾಂಪ್ ಮಾಡಿಸಲು ಹೊರಟವರಿಗೆ ಹೆಸರಿಗಿಂತ ಹೆಚ್ಚಾಗಿ, ಯಾವ ಕೆಲಸವನ್ನು ಹೇಗೆ ಕೇಳಿ ಮಾಡಿಸಬೇಕು ಎಂಬುದೇ ಉಪಯೋಗಕ್ಕೆ ಬರುತ್ತದೆ.

ನಾನು ಸರ್ಕಾರಿ ಕಾರ್ಖಾನೆಯೊಂದರ ಗುಣಮಟ್ಟ ಪರಿಶೀಲನಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಸ್ಕೇಟ್‌ಬೋರ್ಡ್ ಮೇಲೆ ಒಮ್ಮೆಯೂ ಕಾಲಿಟ್ಟವನಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸೇರಿ, 2021ರಲ್ಲಿ ಹದಿಮೂರು ವರ್ಷದ ಮೊಮಿಜಿ ನಿಶಿಯಾ ಚಿನ್ನ ಗೆದ್ದಾಗ, ಅದನ್ನು ಟಿವಿಯಲ್ಲಿ ನೋಡಿದ ನನ್ನ ಮೊಮ್ಮಗಳು ಆ ಸಂಜೆಯೇ ಬೋರ್ಡ್ ಬೇಕೆಂದು ಹಟ ಹಿಡಿದಳು. ಬೋರ್ಡ್ ಬಂತು; ಅದರ ಹಿಂದೆ ಕಟ್ಟಡದ ಇನ್ನೂ ಆರು ಮಕ್ಕಳ ಬೋರ್ಡುಗಳು ಬಂದವು; ಕೊನೆಗೆ ರ‍್ಯಾಂಪಿನ ಬೇಡಿಕೆ ಬಂತು.

ಈಗಿನದು ನಮ್ಮ ಎರಡನೆಯ ರ‍್ಯಾಂಪ್. ಮೊದಲನೆಯದನ್ನು ಗೇಟು, ಗ್ರಿಲ್ ಮಾಡುವ ಒಬ್ಬ ಫ್ಯಾಬ್ರಿಕೇಟರ್ ಬಳಿ 64 ಸಾವಿರ ಕೊಟ್ಟು ಮಾಡಿಸಿದ್ದೆವು. ಆ್ಯಂಗಲ್‌ಗಳ ಚೌಕಟ್ಟು, ಅದರ ಮೇಲೆ ತೆಳು ಕಬ್ಬಿಣದ ಹಾಳೆ, ಅಲ್ಲಲ್ಲಿ ವೆಲ್ಡಿಂಗ್ ಚುಕ್ಕೆ. ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಅಂಗೈ ಇಟ್ಟರೆ ದೋಸೆ ಕಾವಲಿಯನ್ನು ಮುಟ್ಟಿದಂತಾಗುತ್ತಿತ್ತು. ಆದರೆ ಅದನ್ನು ಕೊಂದದ್ದು ಬಿಸಿಲಲ್ಲ, ಸದ್ದು. ಒಂದು ಬೋರ್ಡ್ ಏರಿ ಇಳಿದರೆ ನಾಲ್ಕನೆಯ ಮಹಡಿಯವರೆಗೂ ಕೇಳಿಸುತ್ತಿತ್ತು. ಮೊದಲನೆಯ ಮಹಡಿಯಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾಗಿ ವಿಶ್ರಾಂತಿಯಲ್ಲಿದ್ದ ಹಿರಿಯರೊಬ್ಬರು ಬಾಲ್ಕನಿಗೆ ಬಂದು, ಬೈಯದೆ, ಸುಮ್ಮನೆ ಕೈಮುಗಿದು ಒಳಗೆ ಹೋದ ದಿನ ಮಕ್ಕಳೇ ಆಟ ನಿಲ್ಲಿಸಿಬಿಟ್ಟರು. ಅಷ್ಟರಲ್ಲಿ ವೆಲ್ಡಿಂಗ್ ಚುಕ್ಕೆಗಳಲ್ಲಿ ಅರ್ಧದಷ್ಟು ಬಿಟ್ಟುಕೊಂಡು ಹಾಳೆ ಮೇಲೆದ್ದಿತ್ತು.

ಆ ಹಾಳೆಯನ್ನು ಬಿಚ್ಚಿಸುವಾಗ ನನ್ನ ಹಳೆಯ ವೃತ್ತಿಯ ಬುದ್ಧಿ ಒಂದು ವಿಷಯವನ್ನು ಗಮನಿಸಿತು. ಯಾವ ಜಾಗ ಅತಿ ಹೆಚ್ಚು ಸದ್ದು ಮಾಡುತ್ತಿತ್ತೋ ಅಲ್ಲಿಯೇ ವೆಲ್ಡಿಂಗ್ ಒಡೆದಿತ್ತು. ಅದರಲ್ಲಿ ಪವಾಡವೇನೂ ಇಲ್ಲ. ಒಳಗೆ ಟೊಳ್ಳು, ಮೇಲೆ ಬಿಗಿಯಾಗಿ ಹೊದಿಸಿದ ಹಾಳೆ: ತಮಟೆಯ ವಿವರಣೆಯೂ ಇದೇ, ಸಾಮಾನ್ಯ ರ‍್ಯಾಂಪಿನ ವಿವರಣೆಯೂ ಇದೇ. ಚಕ್ರ ಬಡಿದಾಗ ಹಾಳೆ ಅದುರುತ್ತದೆ, ಒಳಗಿನ ಗಾಳಿ ಅದಕ್ಕೆ ದನಿಗೂಡಿಸುತ್ತದೆ. ಅದುರುವ ಹಾಳೆ ತನ್ನನ್ನು ಹಿಡಿದಿರುವ ಮೊಳೆಯನ್ನೋ ವೆಲ್ಡಿಂಗನ್ನೋ ಪ್ರತಿ ಸಲ ಒಂದಿಷ್ಟು ಜಗ್ಗುತ್ತದೆ. ಹಿಡಿತ ಸಡಿಲವಾದಂತೆ ಅದುರುವಿಕೆ ಇನ್ನೂ ಹೆಚ್ಚುತ್ತದೆ. ಹೀಗಾಗಿ ಬಾಳಿಕೆಗೆ ಒಂದು ಖರ್ಚು, ಸದ್ದಡಗಿಸಲು ಇನ್ನೊಂದು ಖರ್ಚು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಬೇಕಾಗಿಲ್ಲ. ಅದುರದಂತೆ ಕಟ್ಟಿದರೆ ಎರಡೂ ಒಟ್ಟಿಗೆ ದಕ್ಕುತ್ತವೆ. ಹೊಸ ರ‍್ಯಾಂಪಿನ ಪಟ್ಟಿಯನ್ನು ಈ ಒಂದೇ ಅಳತೆಗೋಲಿನಿಂದ ತಯಾರಿಸಿದೆ.

ಸಿಮೆಂಟಿನದೇ ಏಕೆ ಮಾಡಿಸಲಿಲ್ಲ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸ್ವಂತ ಜಾಗವಿದ್ದು, ರ‍್ಯಾಂಪನ್ನು ಎಂದೂ ಕದಲಿಸುವ ಅಗತ್ಯವಿಲ್ಲದಿದ್ದರೆ ಕಾಂಕ್ರೀಟಿಗೆ ಸಾಟಿಯಿಲ್ಲ. ಒಳಗೆ ಟೊಳ್ಳೇ ಇಲ್ಲದ್ದರಿಂದ ಗುಡುಗುವ ಪ್ರಶ್ನೆಯಿಲ್ಲ. ಗೆದ್ದಲು, ನೀರು, ಮೊಳೆ ಯಾವುದರ ಚಿಂತೆಯೂ ಇಲ್ಲ. ನಮ್ಮ ಬೆಂಗಳೂರಿನದೇ ಆದ ಹೋಲಿಸ್ಟೋಕ್ಡ್ ಎಂಬ ಸ್ಕೇಟ್‌ಬೋರ್ಡ್ ತಂಡದವರು ಕಟ್ಟುವುದು ಕಾಂಕ್ರೀಟ್ ಸ್ಕೇಟ್ ಪಾರ್ಕುಗಳನ್ನೇ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಮಕ್ಕಳಿಗಾಗಿ ಕಟ್ಟಿದ ಪಾರ್ಕೂ ಕಾಂಕ್ರೀಟಿನದೇ. ಆದರೆ ನಮ್ಮ ಹಿಂಬದಿಯ ಜಾಗ ಅಗ್ನಿಶಾಮಕ ವಾಹನ ಸುತ್ತಿ ಬರಲು ಬಿಟ್ಟದ್ದು. ಅಲ್ಲಿ ಶಾಶ್ವತವಾಗಿ ಏನನ್ನೂ ಕಟ್ಟುವಂತಿಲ್ಲ. ಬೇಕೆಂದಾಗ ಬಿಚ್ಚಿ ಸರಿಸುವಂತಿರಬೇಕು ಎಂಬ ಷರತ್ತಿನ ಮೇಲೆಯೇ ಸಂಘದ ಸಭೆ ಒಪ್ಪಿತು. ಆದ್ದರಿಂದ ಮರ, ಮತ್ತು ನಾಲ್ಕು ನಾಲ್ಕು ಅಡಿ ಅಗಲದ ಎರಡು ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸುವ ವಿನ್ಯಾಸ. ಒಂದೊಂದು ತುಂಡು ಲೆಕ್ಕದ ಪ್ರಕಾರ ಸುಮಾರು 150 ಕೆ.ಜಿ. ತೂಗುತ್ತದೆ, ಆರು ಜನ ಹಿಡಿದರೆ ಕದಲುತ್ತದೆ. ಹಗುರ ಮಾಡಬಹುದಿತ್ತು, ನಾವೇ ಬೇಡವೆಂದೆವು. ಭಾರವಾದದ್ದು ಅಷ್ಟು ಸುಲಭವಾಗಿ ಅದುರುವುದಿಲ್ಲ.

ಕಾರ್ಖಾನೆಯ ಮೇಸ್ತ್ರಿಗೆ ವಾರ್ಡ್‌ರೋಬ್, ಅಡುಗೆಮನೆಯ ಕಪಾಟುಗಳಲ್ಲಿ ಪಳಗಿದ ಕೈ. ರ‍್ಯಾಂಪ್ ಎಂಬುದನ್ನು ಅವರು ಮೊದಲ ಬಾರಿಗೆ ನೋಡಿದ್ದು ನನ್ನ ಮೊಮ್ಮಗಳ ಮೊಬೈಲಿನಲ್ಲಿ. ಪೈಪೊಂದನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಮಾಡಿ ಒಂದು ಸೀಳನ್ನು ನೆಲಕ್ಕಿಟ್ಟಂತೆ ಕಾಣುವ ಈ ಆಕಾರಕ್ಕೆ ಕ್ವಾರ್ಟರ್ ಪೈಪ್ ಎಂದೇ ಹೆಸರು. ಮೂರು ಅಡಿ ಎತ್ತರಕ್ಕೆ ಆರೂವರೆ ಅಡಿ ತ್ರಿಜ್ಯದ ಬಾಗು ಹಾಕಿಸಿದೆವು. ಹಾಗೆ ಮಾಡಿದಾಗ ಬಾಗಿನ ಬುಡ ಐದೂವರೆ ಅಡಿ ಜಾಗ ಹಿಡಿಯುತ್ತದೆ, ತುದಿಯಲ್ಲಿ ಇಳಿಜಾರು ಸುಮಾರು 57 ಡಿಗ್ರಿಗೆ ನಿಲ್ಲುತ್ತದೆ. ಕಲಿಯುವ ಮಕ್ಕಳಿಗೆ ಗೋಡೆಯೆದುರು ನಿಂತ ಹಾಗೆ ಭಯವಾಗುವುದಿಲ್ಲ. ಮೇಸ್ತ್ರಿ ಮೊದಲು ಮೊಳೆ ಹೊಡೆದು ದಾರ ಕಟ್ಟಿ ಕಮಾನು ಎಳೆದರು. ದಾರ ಹಿಗ್ಗಿದ್ದರಿಂದ ಎರಡು ಪಕ್ಕದ ಹಲಗೆಗಳಿಗೆ ಕಾಲಿಂಚು ವ್ಯತ್ಯಾಸ ಬಂತು. ಆಗ ಅವರೇ ಒಂದು ಉದ್ದನೆಯ ರೀಪರ್ ಪಟ್ಟಿಯ ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ತೂತು ಮಾಡಿ, ತೂತಿನಲ್ಲಿ ಪೆನ್ಸಿಲ್ ಸಿಕ್ಕಿಸಿ, ಮತ್ತೆ ಎಳೆದರು. ನಾಲ್ಕು ಹಲಗೆಗಳನ್ನೂ ಒಟ್ಟಿಗೆ ಕ್ಲಾಂಪ್ ಹಾಕಿ ಒಂದೇ ಸಲ ಉಜ್ಜಿ ಸಮ ಮಾಡಿದ್ದನ್ನು ನೋಡಿದ ಮೇಲೆ ಇವರಿಗೆ ಕೆಲಸ ಕೊಟ್ಟದ್ದು ತಪ್ಪಾಗಲಿಲ್ಲ ಎನಿಸಿತು.

ಪ್ಲೈವುಡ್ ವಿಷಯದಲ್ಲಿ ಯಾರ ಮಾತನ್ನೂ ನಂಬದೆ ಹಾಳೆಯ ಮೇಲಿನ ಮುದ್ರೆಯನ್ನೇ ಓದಬೇಕು. ನೀರಿಗೆ ಜಗ್ಗದಂತೆ ಮಾಡಿದ ಮರೀನ್ ಪ್ಲೈಗೆ ಇರುವ ಮಾನಕ ಐಎಸ್ 710. ಅದರ ಪ್ರಕಾರ ಮಾದರಿ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅಂಟು ಬಿಡಬಾರದು. ಒಬ್ಬ ವ್ಯಾಪಾರಿ ನಮಗೆ ತೋರಿಸಿದ ಹಾಳೆಯ ಮೇಲೆ 710 ಎಂಬ ಸಂಖ್ಯೆ ದೊಡ್ಡದಾಗಿ ಇತ್ತು. ಐಎಸ್‌ಐ ಗುರುತೂ ಇರಲಿಲ್ಲ, ಪರವಾನಗಿ ಸಂಖ್ಯೆಯೂ ಇರಲಿಲ್ಲ. ಸಂಖ್ಯೆಯನ್ನು ಅವರು ಬ್ರ್ಯಾಂಡಿನ ಹೆಸರಿನಂತೆ ಅಚ್ಚು ಹಾಕಿಸಿದ್ದರು! ಕೇಳಿದ್ದಕ್ಕೆ, “ಎಲ್ಲ ಒಂದೇ ಸಾರ್, ಇದು ಎರಡು ರೂಪಾಯಿ ಕಮ್ಮಿ” ಎಂಬ ಉತ್ತರ ಬಂತು. ಬೇರೆ ಅಂಗಡಿಯಲ್ಲಿ ಮುದ್ರೆಯಿರುವುದನ್ನೇ ತಂದೆವು. ಪಕ್ಕದ ಹಲಗೆಗಳಿಗೆ 18 ಮಿ.ಮೀ. ಹಾಳೆ, ಅಡ್ಡ ತೊಲೆಗಳಿಗೆ ನಾಲ್ಕಿಂಚು ಎರಡಿಂಚಿನ ಸಾಲ್ ಮರ. ತೊಲೆಗಳ ನಡುವಿನ ಅಂತರ ಎಂಟೇ ಇಂಚು. ಮೇಸ್ತ್ರಿ ಹದಿನಾರು ಇಂಚು ಸಾಕೆಂದರು, ನಾನು ಒಪ್ಪಲಿಲ್ಲ. ಅಂತರ ಇಮ್ಮಡಿಯಾದರೆ ಹಾಳೆ ಇಮ್ಮಡಿಯಷ್ಟೇ ಬಗ್ಗಿ ಸುಮ್ಮನಾಗುವುದಿಲ್ಲ, ಹಲವು ಪಟ್ಟು ಬಗ್ಗುತ್ತದೆ.

ಮೇಲ್ಮೈಗೆ ಮೂರು ಪದರ. ಕೆಳಗಿನ ಎರಡು 9 ಮಿ.ಮೀ. ಪ್ಲೈ. ನಾರಿನ ದಿಕ್ಕು ಅಡ್ಡಕ್ಕೆ ಬರುವಂತೆ ಕೂರಿಸಿದ್ದರಿಂದ ಬಾಗಿಗೆ ಸಲೀಸಾಗಿ ಬಗ್ಗಿದವು. ಒಂದರ ಸೇರಿಕೆ ಇನ್ನೊಂದರ ಸೇರಿಕೆಯ ಮೇಲೆ ಬರದಂತೆ ಜೋಡಿಸಿ, ನಡುವೆ ನೀರು ತಡೆಯುವ ಅಂಟು ಬಳಿದು, ಸ್ಕ್ರೂ ಹಾಕಿದ್ದಾರೆ. ಅದರ ಮೇಲೆ, ಮನೆಯ ತಾರಸಿಗೆ ಹಾಸುವಂಥ ಟಾರ್ ಫೆಲ್ಟಿನ ಒಂದು ಹಾಸು. ಎಲ್ಲಕ್ಕಿಂತ ಮೇಲೆ 6 ಮಿ.ಮೀ. ಮರೀನ್ ಪ್ಲೈ; ಇದಕ್ಕೆ ಅಂಟಿಲ್ಲ, ಸ್ಕ್ರೂ ಮಾತ್ರ. ಸವೆದಾಗ ಬಿಚ್ಚಿ ಎಸೆದು ಹೊಸ ಹಾಳೆ ಹಾಕುವುದಕ್ಕೆಂದೇ ಇರುವ ಪದರವಿದು. ವಿದೇಶಗಳಲ್ಲಿ ಈ ಜಾಗಕ್ಕೆ ಸ್ಕೇಟ್‌ಲೈಟ್ ಎಂಬ ಹಾಳೆ ಹಾಕುತ್ತಾರೆ. ಕಾಗದವನ್ನು ಫೀನಾಲಿಕ್ ರಾಳದಲ್ಲಿ ನೆನೆಸಿ ಒತ್ತಿ ಮಾಡಿದ ಹಾಳೆಯದು, ಮಳೆಬಿಸಿಲನ್ನು ಪ್ಲೈಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಒಂದೆರಡು ಹಾಳೆಗಾಗಿ ಆಮದು ಮಾಡಿಕೊಳ್ಳುವ ಖರ್ಚು ನಮ್ಮ ಸಂಘದ ಕೈಗೆ ಎಟುಕುವಂಥದಲ್ಲ. ಶಟರಿಂಗಿಗೆ ಬಳಸುವ ಕಂದು ಮೆರುಗಿನ ಪ್ಲೈಯನ್ನೂ ಯೋಚಿಸಿದ್ದೆವು. ಆದರೆ 12 ಮಿ.ಮೀ. ಹಾಳೆ ಈ ಬಾಗಿಗೆ ಬಗ್ಗಲು ಒಪ್ಪಲಿಲ್ಲ.

ಟಾರ್ ಫೆಲ್ಟ್ ನೀರನ್ನು ತಡೆಯಲಷ್ಟೇ ಎಂದು ಮೇಸ್ತ್ರಿ ಅಂದುಕೊಂಡಿದ್ದರು. ಅದರ ದೊಡ್ಡ ಉಪಕಾರ ಬೇರೆಯದು. ಎರಡು ಗಟ್ಟಿ ಪದರಗಳ ನಡುವೆ ಸಿಕ್ಕಿಕೊಂಡ ಮೆತ್ತನೆಯ ಪದರ, ಹಾಳೆ ಅದುರಿದಾಗ ತಾನು ಒಳಗೊಳಗೇ ಜರುಗಿ, ಆ ಅದುರುವಿಕೆಯನ್ನು ಒಂದಿಷ್ಟು ಶಾಖವಾಗಿ ಕರಗಿಸಿಬಿಡುತ್ತದೆ. ಕಾರಿನ ಬಾಗಿಲೊಳಗೆ ಅಂಟಿಸುವ ಕಪ್ಪು ಹಾಳೆಯೂ ಹಾಳೆಯ ಅದುರುವಿಕೆಯನ್ನು ಹೀಗೆಯೇ ನುಂಗುವಂಥದ್ದು. ಜೆ.ಸಿ. ರಸ್ತೆಯಿಂದ ಅದನ್ನೇ ತಂದು, ತೊಲೆಗಳ ನಡುವೆ ಪ್ಲೈಯ ಕೆಳಮೈಗೆ ಅಂಟಿಸಿದೆವು. ಟೊಳ್ಳಿನೊಳಗೆ, ಕಲ್ಲನ್ನು ಕರಗಿಸಿ ಉಣ್ಣೆಯಂತೆ ಎಳೆದು ಮಾಡಿದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಾಕ್‌ವುಲ್ ತುಂಬಿಸಿದೆವು. ನೆನೆದ ರಾಕ್‌ವುಲ್ ಯಾವ ಕೆಲಸಕ್ಕೂ ಬಾರದ್ದರಿಂದ ಸುತ್ತುವುದನ್ನು ಮರೆಯಬಾರದು. ಹಿಂಬದಿಯನ್ನು ಹಲಗೆಯಿಂದ ಮುಚ್ಚಿ, ಬುಡದಲ್ಲಿ ಗಾಳಿಯಾಡಲು ಎರಡು ಬೆರಳಿನಷ್ಟು ಸಂದು ಬಿಟ್ಟಿದ್ದೇವೆ. ಇಡೀ ರ‍್ಯಾಂಪ್ ನಿಂತಿರುವುದು ಹತ್ತು ಮಿ.ಮೀ. ದಪ್ಪದ ರಬ್ಬರ್ ತುಂಡುಗಳ ಮೇಲೆ. ಅದರಿಂದ ನೆಲಕ್ಕೆ ಪೆಟ್ಟು ಇಳಿಯುವುದೂ ಕಡಿಮೆ, ಮರಕ್ಕೆ ನೀರು ಏರುವುದೂ ಕಡಿಮೆ.

ನನಗೆ ಅತ್ಯಂತ ಇಷ್ಟವಾದದ್ದು ಪೈಪಿನ ಪ್ರಸಂಗ. ರ‍್ಯಾಂಪಿನ ಮೇಲಂಚಿಗೆ ಕೋಪಿಂಗ್ ಎಂದು ಎರಡಿಂಚಿನ ಕಬ್ಬಿಣದ ಪೈಪು ಹಾಕುತ್ತಾರೆ. ಬೋರ್ಡಿನ ಕೆಳಗಿನ ಲೋಹದ ಭಾಗ ಇದರ ಮೇಲೆಯೇ ಉಜ್ಜಿ ಜಾರುವುದು. ಪೈಪು ಹಾಳೆಗಿಂತ ಒಂದಿಷ್ಟೇ, ಆರೆಂಟು ಮಿ.ಮೀ., ಹೊರಚಾಚಿರಬೇಕು; ಹೆಚ್ಚಾದರೆ ಚಕ್ರ ಸಿಕ್ಕಿಕೊಂಡು ಮಗು ಮುಗ್ಗರಿಸುತ್ತದೆ, ಕಡಿಮೆಯಾದರೆ ತುದಿ ಬಂದದ್ದು ಕಾಲಿಗೆ ತಿಳಿಯುವುದಿಲ್ಲ. ಪೈಪನ್ನು ತಂದ ದಿನ ಮೇಸ್ತ್ರಿ ಅದನ್ನು ಹಗ್ಗದಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ಒಂದು ಪೆಟ್ಟು ಕೊಟ್ಟರು. ದೇವಸ್ಥಾನದ ಗಂಟೆಯಂತೆ ದನಿ ಬಹಳ ಹೊತ್ತು ಉಳಿಯಿತು. “ಇದು ನಿಮ್ಮ ಮೊದಲನೇ ಮಹಡಿ ಯಜಮಾನರಿಗೆ ಮಂಗಳಾರತಿ ಗಂಟೆ ಆಗುತ್ತೆ ಸಾರ್” ಎಂದರು. ಆಮೇಲೆ ಎಂ-ಸ್ಯಾಂಡನ್ನು ಜರಡಿ ಹಿಡಿದು, ಎರಡು ದಿನ ತಗಡಿನ ಮೇಲೆ ಬಿಸಿಲಿಗೆ ಹರಡಿ ಒಣಗಿಸಿ, ಪೈಪಿನ ಒಂದು ಬಾಯಿಗೆ ಮುಚ್ಚಳ ಬಿಗಿದು, ಇನ್ನೊಂದು ಬಾಯಿಯಿಂದ ಸ್ವಲ್ಪ ಸ್ವಲ್ಪವೇ ಸುರಿದು ತಟ್ಟಿ ತಟ್ಟಿ ತುಂಬಿದರು. ಒದ್ದೆ ಮರಳು ತುಂಬಿದರೆ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಎರಡನೆಯ ಬಾಯಿಯನ್ನೂ ಮುಚ್ಚಿ ಅದೇ ಸ್ಪ್ಯಾನರಿನಿಂದ ಬಡಿದಾಗ ಟಕ್ ಎಂದಷ್ಟೇ ಕೇಳಿಸಿತು. ಈ ಉಪಾಯಕ್ಕೆ ತಗುಲಿದ್ದು ಅರ್ಧ ಬುಟ್ಟಿ ಮರಳು.

ಸ್ಕ್ರೂಗಳ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ಜಗಳವೇ ಆಯಿತು. ಮೊಳೆ ಮತ್ತು ಫೆವಿಕಾಲ್ ಸಾಕೆಂಬುದು ಅವರ ವಾದ. ಅದುರುವಿಕೆಗೆ ಮೊಳೆ ಮೆಲ್ಲಗೆ ಮೇಲೇಳುತ್ತದೆ, ಎದ್ದ ಮೊಳೆಯ ತಲೆ ಬಿದ್ದ ಮಗುವಿನ ಮೊಣಕಾಲನ್ನು ಸೀಳುತ್ತದೆ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆಯ ಸ್ಕ್ರೂಗಳನ್ನು ನಾನೇ ಎಸ್.ಪಿ. ರಸ್ತೆಯಿಂದ ತಂದುಕೊಟ್ಟೆ. ಪ್ರತಿಯೊಂದಕ್ಕೂ ಮೊದಲು ತೂತು, ತಲೆ ಕೂರಲು ತಗ್ಗು, ಆಮೇಲೆ ಸ್ಕ್ರೂ. ಒಟ್ಟು ನೂರ ಎಂಬತ್ತಕ್ಕೂ ಹೆಚ್ಚು. ಬುಡದಲ್ಲಿ, ಚಕ್ರ ನೆಲದಿಂದ ಮರಕ್ಕೆ ಏರುವ ಕಡೆ, ಹಳೆಯ ರ‍್ಯಾಂಪಿನ ಚೌಕಟ್ಟಿನ ತಳದಲ್ಲಿದ್ದ ದಪ್ಪ ತಗಡನ್ನೇ ಒಂದಡಿ ಅಗಲಕ್ಕೆ ಕತ್ತರಿಸಿ ಹಾಕಿಸಿದ್ದೇವೆ. 64 ಸಾವಿರದಲ್ಲಿ ಅಷ್ಟಾದರೂ ದಕ್ಕಿತು.

ದೂರಿಗೆ ಬರುತ್ತೇನೆ. ಹೇಳಿದ ದಿನಕ್ಕಿಂತ 19 ದಿನ ತಡವಾಗಿ ಕೆಲಸ ಮುಗಿಯಿತು. ಮುಂಗಡ ಕೊಟ್ಟ ಮೇಲೆ ಫೋನ್ ಎತ್ತುವುದು ಅಪರೂಪವಾಯಿತು. ಇದನ್ನು ಮರಗೆಲಸದವರ ರೂಢಿಯೆಂದು ನುಂಗಿಕೊಳ್ಳಬಹುದು. ನುಂಗಲಾಗದ ತಪ್ಪು ಮತ್ತೊಂದು. ಪ್ಲೈ ಎಷ್ಟೇ ಒಳ್ಳೆಯದಾದರೂ ಅದರ ಕತ್ತರಿಸಿದ ಅಂಚು ಸ್ಪಂಜಿನಂತೆ ನೀರು ಹೀರುತ್ತದೆ. ಆದ್ದರಿಂದ ಎಲ್ಲ ಅಂಚುಗಳಿಗೂ ಮೂರು ಕೈ ಎಪಾಕ್ಸಿ ಬಳಿಯಬೇಕೆಂದು ಬರೆದುಕೊಟ್ಟಿದ್ದೆ. ಕಣ್ಣಿಗೆ ಕಾಣುವ ಅಂಚುಗಳಿಗೆಲ್ಲ ಬಳಿದಿದ್ದರು. ತಗಡಿನ ಕೆಳಗೆ ಅಡಗುವ ಬುಡದ ಅಂಚನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು, ಅತಿ ಹೆಚ್ಚು ನೀರು ನಿಲ್ಲುವ ಜಾಗವೂ ಅದೇ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಮುಗಿಯುವಷ್ಟರಲ್ಲಿ ಮೇಲಿನ ಪದರ ಅಲ್ಲಿ ನಾಲ್ಕು ಮಿ.ಮೀ. ಊದಿ ತಗಡನ್ನು ಎತ್ತಿತು. ನನಗೆ ಅದು ತಿಳಿದದ್ದು ಕಣ್ಣಿನಿಂದಲ್ಲ. ಒಂದು ಬೆಳಿಗ್ಗೆ ಮಕ್ಕಳು ಆಡುವಾಗ, ಅದುವರೆಗೆ ಇಲ್ಲದಿದ್ದ ಚಟ್ ಎಂಬ ಸದ್ದು ಬಾಲ್ಕನಿಗೆ ಕೇಳಿಸಿತು. ಇಳಿದು ಹೋಗಿ ನೋಡಿದರೆ ತಗಡು ಬಡಿದುಕೊಳ್ಳುತ್ತಿತ್ತು. ಕಾರ್ಖಾನೆಯವರು ಮೊದಲು ನೆಲದ ಇಳಿಜಾರು ಸರಿಯಿಲ್ಲವೆಂದರು. ಫೋಟೊ ಕಳಿಸಿದ ಮೇಲೆ ತಪ್ಪನ್ನು ಒಪ್ಪಿಕೊಂಡು, ಮೂರು ವಾರ ಕಳೆದು ಬಂದು, ಒಂದಡಿಯಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಿ, ಈ ಸಲ ಎಪಾಕ್ಸಿಯನ್ನು ನನ್ನೆದುರೇ ಬಳಿದರು. ಹಾಳೆಯ ಹಣ ಮಾತ್ರ ತೆಗೆದುಕೊಂಡರು, ಕೂಲಿ ಕೇಳಲಿಲ್ಲ. ಎರಡನೆಯ ಮಳೆಗಾಲದಲ್ಲಿ ಅಲ್ಲಿ ಕೂದಲೆಳೆಯಷ್ಟೂ ಊತವಿಲ್ಲ.

ನಿರ್ವಹಣೆ ಎಂದು ನಾನು ಮಾಡುವುದು ಬಹಳ ಕಡಿಮೆ. ಮೂರು ತಿಂಗಳಿಗೊಮ್ಮೆ, ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ, ಬೆರಳ ಗೆಣ್ಣಿನಿಂದ ಇಡೀ ಮೇಲ್ಮೈಯನ್ನು ತಟ್ಟುತ್ತಾ ಬರುತ್ತೇನೆ. ದನಿ ಬದಲಾದ ಕಡೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿನ ಸ್ಕ್ರೂಗಳನ್ನು ಬಿಗಿ ಮಾಡುತ್ತೇನೆ. ಇಷ್ಟು ದಿನಗಳಲ್ಲಿ ಸಡಿಲವಾದದ್ದು ಏಳು ಸ್ಕ್ರೂ. ಅವೆಲ್ಲ ಒಂದೋ ಬುಡದಲ್ಲಿ, ಇಲ್ಲವೇ ಪೈಪಿನಿಂದ ಒಂದಡಿ ಕೆಳಗೆ, ಬೋರ್ಡ್ ಬಂದು ಬೀಳುವ ಜಾಗದಲ್ಲಿ. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯಲ್ಲಿ, ಪಾಲಿಯುರೆಥೇನ್ ವಾರ್ನಿಶ್ ಒಂದು ಕೈ. ಮೇಲಿನ ಹಾಳೆ ಇನ್ನೊಂದು ವರ್ಷ ಬರಬಹುದು. ಟಾರ್ಪಾಲಿನ್ ಹೊದಿಸುವುದನ್ನು ಒಂದು ತಿಂಗಳಲ್ಲೇ ಬಿಟ್ಟೆವು. ಅದರಡಿ ಬೆವರಿದಂತೆ ತೇವ ಕೂಡಿ ಬೂಷ್ಟು ಬಂದಿತ್ತು.

ಸದ್ದಿನ ಲೆಕ್ಕವನ್ನು ಮೊಬೈಲ್ ಆ್ಯಪಿನಲ್ಲಿ ಅಳೆದಿದ್ದೇನೆ. ಅದು ಪ್ರಮಾಣಿತ ಉಪಕರಣವಲ್ಲ, ಎರಡನ್ನು ಹೋಲಿಸಲು ಸಾಕು. ಮೂರು ಮೀಟರ್ ದೂರದಲ್ಲಿ ಹಳೆಯದರ ಮೇಲೆ ಬೋರ್ಡ್ ಬಿದ್ದಾಗ 90 ಡೆಸಿಬೆಲ್ ಆಸುಪಾಸು ತೋರಿಸುತ್ತಿದ್ದದ್ದು ಹೊಸದರ ಮೇಲೆ 75ರ ಸುತ್ತ ತೋರಿಸುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧದಷ್ಟಾದಂತೆ ಅನಿಸುವುದರಿಂದ ಇದು ಸಣ್ಣ ಇಳಿಕೆಯೇನಲ್ಲ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂದಿದೆ. ಅದು ಹೊತ್ತಿನ ಸರಾಸರಿಗೆ ಹೇಳಿದ ಮಾತಾದ್ದರಿಂದ ಒಂದೊಂದು ಪೆಟ್ಟಿಗೆ ನೇರವಾಗಿ ಹಚ್ಚಲಾಗದು. ಹೇಗೂ ನಾವು ಸಂಜೆ ಏಳಕ್ಕೆ ಆಟ ನಿಲ್ಲಿಸುತ್ತೇವೆ. ಮೊದಲನೆಯ ಮಹಡಿಯ ಹಿರಿಯರು ಈಗ ಬಾಲ್ಕನಿಯಲ್ಲಿ ಕುಳಿತೇ ಪತ್ರಿಕೆ ಓದುತ್ತಾರೆ.

ಒಟ್ಟು ಖರ್ಚು 1,24,000 ರೂಪಾಯಿ, ಸ್ಕ್ರೂ ಮತ್ತು ಕಾರಿನ ಹಾಳೆ ಸೇರಿ. ಕಬ್ಬಿಣದ್ದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು. ಕೈಗೆಲಸಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಮಾತಿಗೆ ಎರಡು. ಬುಡದ ಅಂಚಿನ ಎಪಾಕ್ಸಿಯನ್ನು ತಗಡು ಕೂರಿಸುವ ಮುಂಚೆ ನಿಂತು ನೋಡುವ ವ್ಯವಧಾನ ಇರುವವರು ಇಂಥ ಕಾರ್ಖಾನೆಗೆ ಕೆಲಸ ಕೊಡಬಹುದು.

ರ‍್ಯಾಂಪ್ ಸುಮ್ಮನಾದ ಮೇಲೆ, ಅದುವರೆಗೆ ಅದರ ಗದ್ದಲದಲ್ಲಿ ಅಡಗಿದ್ದ ಇನ್ನೊಂದು ಸದ್ದು ಹೊರಬಿತ್ತು. ಮಕ್ಕಳು ರ‍್ಯಾಂಪಿನತ್ತ ಓಡಿಸಿಕೊಂಡು ಬರುವ ಇಂಟರ್‌ಲಾಕ್ ಟೈಲ್ಸಿನ ಸಂದುಗಳ ಮೇಲೆ ಚಕ್ರ ಕಟಕಟ ಎನ್ನುತ್ತದೆ. 78ಎ ಗಡಸಿನ ಮೆತ್ತನೆಯ ಚಕ್ರ ಹಾಕಿಕೊ ಎಂದರೆ, “ತಾತ, ಅದು ರ‍್ಯಾಂಪ್ ಮೇಲೆ ಜಾರೋದೇ ಇಲ್ಲ” ಎಂದು ಮೊಮ್ಮಗಳು ಗಟ್ಟಿಯಾದ 99ಎಯನ್ನೇ ಹಿಡಿದಿದ್ದಾಳೆ. ಇಪ್ಪತ್ತು ಅಡಿ ಉದ್ದಕ್ಕೆ ಟೈಲ್ಸಿನ ಮೇಲೆ ಬಿಚ್ಚಿಡಬಹುದಾದ ಹಲಗೆ ಹಾಸಿನ ಅಂದಾಜು ಕೊಡಲು ಅದೇ ಮೇಸ್ತ್ರಿಯನ್ನು ಕರೆದಿದ್ದೇನೆ. ಸೋಮವಾರ ಬರುತ್ತೇನೆ ಎಂದಿದ್ದರು; ಇವತ್ತು ಗುರುವಾರ.